ಕಾರು ಪಾಲಿಶ್‌ನಲ್ಲಿ ಅಂಚು ಮತ್ತು ಸಂದುಗಳ ರಕ್ಷಣೆ

ಅಂಚು ಮತ್ತು ಸಂದುಗಳ ರಕ್ಷಣೆ ಎಂಬುದು ಕಾರಿನ ಮೈಯನ್ನು ಯಂತ್ರದಿಂದ ಪಾಲಿಶ್ ಮಾಡುವಾಗ ತಗಡಿನ ತುದಿ ಮತ್ತು ಏಣುಗಳಲ್ಲಿ ಬಣ್ಣ ಸವೆದುಹೋಗದಂತೆ, ಸಂದುಗಳಲ್ಲಿ ಕಾಂಪೌಂಡ್ (ಪ್ಯಾಡಿಗೆ ಹಚ್ಚಿ ಉಜ್ಜುವ ಲೇಪ) ತುಂಬಿ ಒಣಗದಂತೆ ಕೈಗೊಳ್ಳುವ ಕ್ರಮಗಳ ಒಟ್ಟು ಹೆಸರು. ಮಾಸ್ಕಿಂಗ್ ಟೇಪ್ ಹಚ್ಚುವುದು, ತಕ್ಕ ಯಂತ್ರ ಹಾಗೂ ಪ್ಯಾಡ್ ಆರಿಸುವುದು, ವೇಗ ಮತ್ತು ಒತ್ತಡ ತಗ್ಗಿಸುವುದು, ತುದಿಯ ಭಾಗವನ್ನು ಕೈಯಿಂದಲೇ ಮುಗಿಸುವುದು ಇವುಗಳಲ್ಲಿ ಮುಖ್ಯವಾದವು.

ಪಾಲಿಶ್ ಸವೆತದ ಕೆಲಸ. ಬಣ್ಣದ ಮೇಲಿನ ಗೀರು, ನೀರಿನ ಕಲೆ, ಮಂಕು ಇವನ್ನು ಅದು ಮುಚ್ಚುವುದಿಲ್ಲ. ಅವು ಇಳಿದಿರುವ ಆಳದವರೆಗೆ ಸುತ್ತಲಿನ ಪದರವನ್ನು ತೆಗೆದು ಮೇಲ್ಮೈಯನ್ನು ಸಮ ಮಾಡುತ್ತದೆ. ಹೀಗೆ ತೆಗೆದ ಪದರವನ್ನು ಪಾಲಿಶ್‌ನಿಂದಾಗಲಿ ವ್ಯಾಕ್ಸ್‌ನಿಂದಾಗಲಿ ಮರಳಿ ಪಡೆಯಲಾಗದು. ಬಾನೆಟ್‌ನ ನಡುಭಾಗಕ್ಕೆ ಹಾನಿ ಮಾಡದ ವೇಗ, ಒತ್ತಡ ಮತ್ತು ಕಾಂಪೌಂಡ್ ಅದೇ ಬಾನೆಟ್‌ನ ತುದಿಯಲ್ಲಿ ಕೆಲವೇ ಕ್ಷಣಗಳಲ್ಲಿ ಬಣ್ಣವನ್ನು ಕಿತ್ತುಬಿಡಬಲ್ಲವು. ಆದ್ದರಿಂದ ಅಂಚಿಗೆ ಪ್ರತ್ಯೇಕ ವಿಧಾನ ಬೇಕಾಗುತ್ತದೆ.

## ಪಾರಿಭಾಷಿಕ ಪದಗಳು

ಈ ಲೇಖನದಲ್ಲಿ ಪ್ಯಾನೆಲ್ ಎಂದರೆ ಬಾನೆಟ್, ಬಾಗಿಲು, ಫೆಂಡರ್, ಮಾಡು, ಡಿಕ್ಕಿಯ ಮುಚ್ಚಳ ಮುಂತಾದ ಮೈಯ ಬಿಡಿ ಭಾಗ. ಅಂಚು ಎಂದರೆ ಪ್ಯಾನೆಲ್ ಕೊನೆಗೊಳ್ಳುವ ತುದಿ. ಪ್ಯಾನೆಲ್ಲಿನ ಮೈಯಲ್ಲೇ ಎರಡು ಇಳಿಜಾರುಗಳು ಕೂಡುವ ಉಬ್ಬುಗೆರೆಯೇ ಏಣು. ಎರಡು ಪ್ಯಾನೆಲ್‌ಗಳ ನಡುವೆ ಬಿಟ್ಟಿರುವ ತೆರಪು ಸಂದು. ಎರಡು ತಗಡುಗಳನ್ನು ಮಡಿಚಿ, ಬೆಸೆದು ಅಥವಾ ಅಂಟಿಸಿ ಸೇರಿಸಿದ ಕಡೆ ಕೂಡು. ಮೇಲಿನ ಪದರ ಪೂರ್ತಿ ಸವೆದು ಅಡಿಯ ಪದರ ತೋರುವುದನ್ನು ತಳ ಕಾಣುವುದು ಎನ್ನಲಾಗಿದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

## ಹಿನ್ನೆಲೆ

ಕಾರಿನ ಬಣ್ಣ ಮತ್ತು ಪಾಲಿಶ್ ಜೊತೆಯಾಗಿ ಬೆಳೆದುಬಂದವು. 1923ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಡ್ಯುಪಾಂಟ್ ತಯಾರಿಸಿದ ಡ್ಯೂಕೊ ಎಂಬ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಬಳಿಯಿತು. ವಾರಗಟ್ಟಲೆ ಒಣಗಬೇಕಿದ್ದ ಹಿಂದಿನ ವಾರ್ನಿಶ್ ಬಣ್ಣಗಳಿಗೆ ಹೋಲಿಸಿದರೆ ಈ ಲ್ಯಾಕರ್ ಬಹಳ ಬೇಗ ಒಣಗುತ್ತಿತ್ತು. ಆದರೆ ಒಣಗಿದ ಮೇಲೆ ಉಜ್ಜಿದರೆ ಮಾತ್ರ ಅದಕ್ಕೆ ಪೂರ್ತಿ ಹೊಳಪು ಬರುತ್ತಿತ್ತು. ಹೀಗೆ ಉಜ್ಜಿ ಹೊಳಪು ತರುವ ಕೆಲಸ ಬಣ್ಣಗಾರಿಕೆಯ ಭಾಗವಾಯಿತು.

ಅಂಚು ಕಾಯುವ ಮುಖ್ಯ ಸಾಧನವಾದ ಮಾಸ್ಕಿಂಗ್ ಟೇಪ್ ಕೂಡ ಕಾರಿನ ಬಣ್ಣಗಾರಿಕೆಯಿಂದಲೇ ಬಂದದ್ದು. 1920ರ ದಶಕದಲ್ಲಿ ಒಂದೇ ಕಾರಿಗೆ ಎರಡು ಬಣ್ಣ ಹೊಡೆಯುವುದು ರೂಢಿಯಲ್ಲಿತ್ತು. ಒಂದು ಬಣ್ಣದ ಗಡಿಯನ್ನು ಮರೆಮಾಡಲು ಅಂಟಿಸಿದ ಕಾಗದವನ್ನು ಕೀಳುವಾಗ ಹೊಸ ಬಣ್ಣವೂ ಕಿತ್ತುಬರುತ್ತಿತ್ತು. ಅಮೆರಿಕದ ಮಿನೆಸೋಟ ರಾಜ್ಯದ 3ಎಂ ಸಂಸ್ಥೆಯಲ್ಲಿದ್ದ ರಿಚರ್ಡ್ ಡ್ರೂ ಇದಕ್ಕೆ ಪರಿಹಾರವಾಗಿ, ಗಟ್ಟಿಯಾಗಿ ಹಿಡಿದರೂ ಸುಲಭವಾಗಿ ಬಿಡುವ ಸುಕ್ಕುಗಾಗದದ ಟೇಪನ್ನು 1925ರಲ್ಲಿ ರೂಪಿಸಿದರು.

ಯಂತ್ರದ ಬಳಕೆ ಹರಡಿದಂತೆ ಅಂಚಿನ ಹಾನಿಯೂ ಹೆಚ್ಚಿತು. ಒಂದೇ ಅಕ್ಷದ ಮೇಲೆ ತಿರುಗುವ ರೋಟರಿ ಪಾಲಿಶ್ ಯಂತ್ರದ ಕಟ್ಟಣೆ ಲೋಹ ಉಜ್ಜುವ ಆ್ಯಂಗಲ್ ಗ್ರೈಂಡರನ್ನು ಹೋಲುತ್ತದೆ. ಮೋಟರಿಗೆ ಲಂಬವಾಗಿ ಗೇರ್ ತಲೆ, ಅದರ ಕೆಳಗೆ ತಟ್ಟೆ. 1970 ಮತ್ತು 80ರ ದಶಕಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಹಾಕುವ ಪದ್ಧತಿ ಬೇರೂರಿತು. ಅಲ್ಲಿಂದ ಮುಂದೆ ಪಾಲಿಶ್ ನಡೆಯುವುದು ಬಣ್ಣದ ಮೇಲಲ್ಲ, ಅದನ್ನು ಕಾಯುವ ಈ ಒಂದು ಪದರದ ಮೇಲೆ. ಈ ಪದರ ಮುಗಿದರೆ ಬಣ್ಣಕ್ಕೆ ರಕ್ಷಣೆಯಿಲ್ಲ.

## ಬಣ್ಣದ ಪದರಗಳ ರಚನೆ

ಇಂದಿನ ಕಾರಿನ ಹೊರ ತಗಡು ಸಾಮಾನ್ಯವಾಗಿ 0.65ರಿಂದ 0.8 ಮಿ.ಮೀ. ದಪ್ಪದ ಉಕ್ಕು. ಅದನ್ನು ರಾಸಾಯನಿಕವಾಗಿ ಸಂಸ್ಕರಿಸಿ, ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ತುಕ್ಕು ತಡೆಯುವ ಮೊದಲ ಪದರ ಕೂರಿಸುತ್ತಾರೆ. ಇದರ ದಪ್ಪ ಸುಮಾರು 20 ಮೈಕ್ರಾನ್. ಅದರ ಮೇಲೆ 30–40 ಮೈಕ್ರಾನ್ ಪ್ರೈಮರ್, 12–20 ಮೈಕ್ರಾನ್ ಬಣ್ಣದ ಬೇಸ್ ಕೋಟ್, ಕೊನೆಗೆ 35–50 ಮೈಕ್ರಾನ್ ಕ್ಲಿಯರ್ ಕೋಟ್ ಬರುತ್ತವೆ. ಎಲ್ಲ ಪದರಗಳು ಸೇರಿ ಬಹುಪಾಲು ಕಾರುಗಳಲ್ಲಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಅದು ತಲೆಗೂದಲಿಗಿಂತ ತೆಳು.

ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ವಸ್ತುಗಳು ಕ್ಲಿಯರ್ ಕೋಟ್‌ನಲ್ಲಿ ಬೆರೆತಿರುತ್ತವೆ. ನಯ ಪಾಲಿಶ್ ಒಂದು ಸಲಕ್ಕೆ ಒಂದು ಮೈಕ್ರಾನ್‌ಗಿಂತ ಕಡಿಮೆ ತೆಗೆಯಬಹುದು; ಒರಟು ಕಾಂಪೌಂಡ್ ಮತ್ತು ಉಣ್ಣೆಯ ಪ್ಯಾಡ್ ಸೇರಿದರೆ ಕೆಲವು ಮೈಕ್ರಾನ್ ಹೋಗುತ್ತದೆ; ನೀರು ಕಾಗದದಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿ ಪಾಲಿಶ್ ಮಾಡಿದರೆ ಇನ್ನೂ ಹೆಚ್ಚು. ಪದರ ಪೂರ್ತಿ ಹೋಗದಿದ್ದರೂ ತೆಳುವಾದಷ್ಟೂ ಅದರ ಬಿಸಿಲು ತಡೆಯುವ ಶಕ್ತಿ ಕುಗ್ಗುತ್ತದೆ. ಕೆಲವು ವರ್ಷಗಳ ನಂತರ ಆ ಭಾಗ ಬೆಳ್ಳಗಾಗಿ ಸಿಪ್ಪೆ ಏಳಬಹುದು.

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಕಾರುಗಳಲ್ಲಿ ಕ್ಲಿಯರ್ ಕೋಟ್ ಇರಲಿಲ್ಲ. ಬಣ್ಣವೂ ಹೊಳಪೂ ಒಂದೇ ಪದರದಲ್ಲಿದ್ದವು. ಇಂಥ ಒಂಟಿ ಪದರದ ಬಣ್ಣ ಕೆಲವು ಸಾದಾ ಬಣ್ಣದ ಕಾರುಗಳಲ್ಲಿ ಈಗಲೂ ಕಾಣಸಿಗುತ್ತದೆ. ಅಲ್ಲಿ ಅಂಚು ಸವೆದರೆ ನೇರವಾಗಿ ಪ್ರೈಮರ್ ತೋರುತ್ತದೆ.

## ಅಂಚು ಬೇಗ ಸವೆಯಲು ಕಾರಣಗಳು

ತೆಳು ಪದರ. ಹಸಿ ಬಣ್ಣ ಒಲೆಯಲ್ಲಿ ಬಿಸಿಯಾದಾಗ ಗಟ್ಟಿಯಾಗುವ ಮೊದಲು ಕೊಂಚ ತೆಳುವಾಗಿ ಹರಿಯುತ್ತದೆ. ಆಗ ಮೇಲ್ಮೈ ಸೆಳೆತ ಬಣ್ಣವನ್ನು ಚೂಪಾದ ತುದಿಯಿಂದ ಹಿಂದಕ್ಕೆ ಎಳೆಯುತ್ತದೆ. ತುದಿಯ ನೆತ್ತಿಯಲ್ಲಿ ಪದರ ತೆಳುವಾಗಿ, ಕೆಲವೇ ಮಿ.ಮೀ. ಒಳಗೆ ದಪ್ಪವಾದ ಒಂದು ದಿಂಡು ಉಳಿಯುತ್ತದೆ. ಸ್ಥಾಯಿವಿದ್ಯುತ್ ಬಳಸುವ ಸಿಂಪಡಣೆಯಲ್ಲಿ ವಿದ್ಯುದಂಶ ಅಂಚಿನ ಬಳಿ ಸಾಂದ್ರವಾಗುವುದರಿಂದ ಅಲ್ಲಿಗೆ ಹೆಚ್ಚು ಬಣ್ಣ ಬಂದು ಕೂರುವುದೂ ಉಂಟು. ಅಂಚಿನ ಪಕ್ಕ ದಪ್ಪ, ನೆತ್ತಿಯಲ್ಲಿ ತೆಳು ಎಂಬ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಒತ್ತಡದ ಸಾಂದ್ರತೆ. 150 ಮಿ.ಮೀ. ವ್ಯಾಸದ ಪ್ಯಾಡ್ ಸಮತಲದ ಮೇಲೆ ಪೂರ್ತಿ ಕೂತಾಗ ಅದರ ಸಂಪರ್ಕದ ವಿಸ್ತೀರ್ಣ ಸುಮಾರು 177 ಚದರ ಸೆಂ.ಮೀ. ಅದೇ ಪ್ಯಾಡ್ ಏಣಿನ ಮೇಲೆ ಬಂದು ಒಂದು ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಪಟ್ಟಿಯಷ್ಟೇ ತಗುಲಿದರೆ ವಿಸ್ತೀರ್ಣ 15 ಚದರ ಸೆಂ.ಮೀ.ಗೆ ಇಳಿಯುತ್ತದೆ. ಕೈ ಹಾಕುವ ಬಲ ಬದಲಾಗದಿದ್ದರೂ ಒತ್ತಡ ಸುಮಾರು 12 ಪಟ್ಟಾಗುತ್ತದೆ.

ಶಾಖ. ಪ್ಯಾನೆಲ್ಲಿನ ನಡುವೆ ಹುಟ್ಟಿದ ಶಾಖ ಸುತ್ತಲೂ ಹರಿದುಹೋಗುತ್ತದೆ. ತುದಿಯಲ್ಲಿ ಅದಕ್ಕೆ ಒಂದೇ ಕಡೆ ದಾರಿ. ಬಂಪರ್‌ನಂಥ ಪ್ಲಾಸ್ಟಿಕ್ ಭಾಗಗಳಲ್ಲಿ ಶಾಖ ಎತ್ತಲೂ ಬೇಗ ಹರಿಯದೆ ಬಣ್ಣದಲ್ಲೇ ನಿಲ್ಲುತ್ತದೆ. ಬಿಸಿಯಾದ ಬಣ್ಣ ಮೆತ್ತಗಾಗಿ ಬೇಗ ಸವೆಯುತ್ತದೆ, ಕೆಲವೊಮ್ಮೆ ಸುಕ್ಕಾಗುತ್ತದೆ.

ಪರಿಧಿಯ ವೇಗ. ತಿರುಗುವ ಪ್ಯಾಡ್‌ನ ಹೊರ ಸುತ್ತು ಎಲ್ಲಕ್ಕಿಂತ ವೇಗವಾಗಿ ಚಲಿಸುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ 180 ಮಿ.ಮೀ. ಪ್ಯಾಡ್‌ನ ಅಂಚು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅದೇ ಸುತ್ತಿನಲ್ಲಿ 75 ಮಿ.ಮೀ. ಪ್ಯಾಡ್‌ನದು 6 ಮೀಟರಿಗೂ ಕಡಿಮೆ. ಕಾರಿನ ಏಣಿಗೆ ಪ್ಯಾಡ್‌ನ ಹೊರ ಸುತ್ತೇ ಮೊದಲು ತಗುಲುವುದರಿಂದ ಮೇಲಿನ ಕಾರಣಗಳೆಲ್ಲ ಒಂದೇ ಜಾಗದಲ್ಲಿ ಕೂಡಿಕೊಳ್ಳುತ್ತವೆ.

## ಅಂಚು ಮತ್ತು ಸಂದುಗಳ ಬಗೆಗಳು

ಮಡಿಕೆಯ ಅಂಚು. ಬಾಗಿಲು, ಬಾನೆಟ್ ಮತ್ತು ಡಿಕ್ಕಿಯ ಮುಚ್ಚಳದಲ್ಲಿ ಹೊರ ತಗಡನ್ನು ಒಳ ತಗಡಿನ ಮೇಲೆ ಪೂರ್ತಿ ಮಡಿಚಿ, ಒಳಬದಿಯಲ್ಲಿ ಸೀಲಂಟ್ ತುಂಬಿರುತ್ತಾರೆ. ಮಡಿಕೆಯ ನೆತ್ತಿ ಬಹಳ ಕಿರಿದು. ಇಲ್ಲಿ ಬಣ್ಣ ಹೋದರೆ ತೇವ ಮಡಿಕೆಯೊಳಗೆ ಇಳಿದು ತುಕ್ಕಿಗೆ ದಾರಿಯಾಗಬಹುದು.

ಏಣು. ಬಾಗಿಲುಗಳ ಉದ್ದಕ್ಕೂ ಓಡುವ ಗೆರೆ, ಬಾನೆಟ್ಟಿನ ಉಬ್ಬು, ಚಕ್ರದ ಕಮಾನಿನ ತುಟಿ ಈ ಗುಂಪಿನವು. ಇವು ಪ್ಯಾನೆಲ್ಲಿನ ನಡುವೆಯೇ ಇರುವುದರಿಂದ ಯಂತ್ರ ಓಡಿಸುವ ಭರದಲ್ಲಿ ತುದಿಗಿಂತ ಸುಲಭವಾಗಿ ಮರೆತುಹೋಗುತ್ತವೆ.

ಸಂದು. ಬಾಗಿಲು ಮತ್ತು ಫೆಂಡರ್ ನಡುವಿನಂಥ ಸಂದಿನಲ್ಲಿ ಎರಡು ಅಂಚುಗಳು ಎದುರುಬದುರಾಗಿರುತ್ತವೆ. ಯಂತ್ರ ಅಡ್ಡಹಾಯ್ದರೆ ಎರಡೂ ಸವೆಯುತ್ತವೆ. ಸಿಡಿದ ಕಾಂಪೌಂಡ್ ಒಳಗೆ ಸೇರಿ ಒಣಗಿ ಬಿಳಿ ಗೆರೆಯಾಗುತ್ತದೆ.

ಕೂಡು. ಮಾಡು ಮತ್ತು ಪಕ್ಕದ ಚೌಕಟ್ಟು ಸೇರುವ ಕಾಲುವೆ, ಸೀಲಂಟ್ ಬಳಿದ ಜೋಡಣೆಗಳು ಇಲ್ಲಿ ಬರುತ್ತವೆ. ಸೀಲಂಟ್ ಮೆತ್ತಗಿರುವುದರಿಂದ ಅದರ ಮೇಲಿನ ಬಣ್ಣವನ್ನು ಯಂತ್ರದಿಂದ ಉಜ್ಜುವುದಿಲ್ಲ.

ಬೀಡಿಂಗ್ ಮತ್ತು ಜೋಡಿಸಿದ ಭಾಗಗಳು. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್, ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್, ಲಾಂಛನ, ಹಿಡಿಕೆ, ವೈಪರ್ ಬಳಿಯ ನೀರಿನ ನಳಿಕೆ, ಪಾರ್ಕಿಂಗ್ ಸೆನ್ಸರ್ ಇವುಗಳ ಅಂಚು ಪ್ಯಾಡನ್ನು ಹರಿಯಬಲ್ಲದು. ಒರಟು ಮೈಯ ಪ್ಲಾಸ್ಟಿಕ್‌ನಲ್ಲಿ ಕೂತ ಕಾಂಪೌಂಡಿನ ಬಿಳಿ ಕಲೆಯನ್ನು ತೆಗೆಯುವುದು ಕಷ್ಟ.

ದುರಸ್ತಿಯ ಗಡಿ. ಮರುಬಣ್ಣ ಹೊಡೆದಾಗ ಹೊಸ ಕ್ಲಿಯರ್ ಕೋಟ್ ಹಳೆಯದರೊಳಗೆ ಕರಗಿ ಮುಗಿಯುವ ಗಡಿ ಬಹಳ ತೆಳುವಾಗಿರುತ್ತದೆ. ಸಮತಲದಲ್ಲಿದ್ದರೂ ಇದನ್ನು ಅಂಚೆಂದೇ ಪರಿಗಣಿಸಬೇಕು. ಉಜ್ಜಿದರೆ ಗಡಿಗೆರೆ ಎದ್ದು ಕಾಣುತ್ತದೆ.

ಫಿಲ್ಮಿನ ಅಂಚು. ಸ್ಟಿಕ್ಕರ್ ಮತ್ತು ಬಣ್ಣ ಕಾಯುವ ಪಾರದರ್ಶಕ ಫಿಲ್ಮಿನ ತುದಿಗೆ ಪ್ಯಾಡ್ ಎದುರಾಗಿ ಬಂದರೆ ಆ ತುದಿ ಮೇಲೇಳುತ್ತದೆ.

## ಯಂತ್ರ ಮತ್ತು ಪ್ಯಾಡ್

ಅಂಚಿನ ಸುರಕ್ಷತೆಯ ದೃಷ್ಟಿಯಿಂದ ಪಾಲಿಶ್ ಯಂತ್ರಗಳಲ್ಲಿ ಮೂರು ಬಗೆ. ರೋಟರಿ ಯಂತ್ರ ಒಂದೇ ಅಕ್ಷದ ಮೇಲೆ ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 3000 ಸುತ್ತು ತಿರುಗುತ್ತದೆ. ಎಷ್ಟೇ ಒತ್ತಿದರೂ ನಿಲ್ಲದು. ಶಾಖವೂ ಸವೆತವೂ ಹೆಚ್ಚು. ಡ್ಯುಯಲ್ ಆ್ಯಕ್ಷನ್ ಯಂತ್ರದಲ್ಲಿ ಪ್ಯಾಡ್ ಸಣ್ಣ ಕಕ್ಷೆಯಲ್ಲಿ ಸುತ್ತುತ್ತ ತನ್ನಷ್ಟಕ್ಕೆ ಬಿಡಿಯಾಗಿಯೂ ತಿರುಗುತ್ತದೆ. ಏಣಿನ ಮೇಲೆ ಒತ್ತಡ ಹೆಚ್ಚಾದರೆ ಈ ಬಿಡಿ ತಿರುಗುವಿಕೆ ನಿಲ್ಲುವುದರಿಂದ ಹಾನಿಯ ಸಾಧ್ಯತೆ ಕಡಿಮೆಯಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಗೇರಿನಿಂದ ಬಲವಂತವಾಗಿ ತಿರುಗುವ ಮೂರನೆಯ ಬಗೆಯಲ್ಲಿ ಕಕ್ಷೆಯ ಚಲನೆಯಿದ್ದರೂ ಪ್ಯಾಡ್ ನಿಲ್ಲುವುದಿಲ್ಲ. ಅಂಚಿನಲ್ಲಿ ಅದಕ್ಕೆ ರೋಟರಿಯಷ್ಟೇ ಎಚ್ಚರಿಕೆ ಬೇಕು. 2010ರ ದಶಕದಲ್ಲಿ ಇಟಲಿಯ ರೂಪೆಸ್ ಸಂಸ್ಥೆಯ 15 ಮತ್ತು 21 ಮಿ.ಮೀ. ಕಕ್ಷೆಯ ಯಂತ್ರಗಳು ಹೆಸರಾದ ಮೇಲೆ ದೊಡ್ಡ ಕಕ್ಷೆಯ ಡ್ಯುಯಲ್ ಆ್ಯಕ್ಷನ್ ಯಂತ್ರಗಳು ವ್ಯಾಪಕವಾದವು.

ಪ್ಯಾಡ್‌ಗಳಲ್ಲಿ ಉಣ್ಣೆ, ಮೈಕ್ರೊಫೈಬರ್ ಮತ್ತು ಫೋಮ್ ಎಂಬ ಬಗೆಗಳಿವೆ. ಉಣ್ಣೆಯ ಎಳೆ ಲಾಂಛನ ಹಾಗೂ ಬೀಡಿಂಗ್‌ಗೆ ಸಿಕ್ಕಿಕೊಳ್ಳುವುದರಿಂದ ಅಂಚಿನ ಬಳಿ ಮೆತ್ತನೆಯ ಫೋಮ್ ಹೆಚ್ಚು ಸೂಕ್ತ. ಪ್ಯಾಡ್ ತನ್ನ ಹಿಂಬದಿಯ ಗಟ್ಟಿ ತಟ್ಟೆಗಿಂತ ಎಲ್ಲ ಕಡೆಯೂ ಅಗಲವಾಗಿರಬೇಕು. ತಟ್ಟೆ ಹೊರಚಾಚಿದ್ದರೆ ಪಕ್ಕದ ಪ್ಯಾನೆಲ್ಲಿಗೆ ಬಡಿಯುತ್ತದೆ. ಕಿರಿದಾದ ಜಾಗಗಳಿಗೆ 75, 50 ಮತ್ತು 30 ಮಿ.ಮೀ. ಪ್ಯಾಡ್‌ಗಳ ಸಣ್ಣ ಯಂತ್ರಗಳಿವೆ.

## ಮಾಸ್ಕಿಂಗ್ ಟೇಪ್

ಸುಕ್ಕುಗಾಗದದ ಟೇಪ್ ಸಾಮಾನ್ಯ ಬಳಕೆಯದು. ಸುಲಭವಾಗಿ ಬಾಗುತ್ತದೆ, ಕೈಯಲ್ಲೇ ಹರಿಯಬಹುದು. ವಾಶಿ ಟೇಪ್ ಇನ್ನೂ ತೆಳು, ಅಂಟು ಹಗುರ, ಬಿಟ್ಟಾಗ ಕಲೆ ಉಳಿಯುವುದು ಕಡಿಮೆ. ಪಿವಿಸಿಯ ಫೈನ್‌ಲೈನ್ ಟೇಪ್ ಹಿಗ್ಗುವುದರಿಂದ ತಿರುವಿನ ಗೆರೆಗಳಿಗೆ ಹೊಂದುತ್ತದೆ. ಗೋಡೆಗೆ ಬಣ್ಣ ಹೊಡೆಯುವಾಗ ಬಳಸುವ ಅಗ್ಗದ ಟೇಪ್ ನೀರು ಮತ್ತು ಶಾಖ ತಗುಲಿದಾಗ ಅಂಟನ್ನು ಬಣ್ಣದ ಮೇಲೆ ಬಿಡುವ ಸಂಭವ ಹೆಚ್ಚು.

ಏಣಿನ ಮೇಲೆ ಟೇಪಿನ ನಡುಗೆರೆ ಏಣಿನ ನೆತ್ತಿಗೆ ಕೂರಬೇಕು, 18 ಮಿ.ಮೀ. ಟೇಪಿನಲ್ಲಿ ಆಚೀಚೆ 9 ಮಿ.ಮೀ. ರಕ್ಷಣೆ ಸಿಗುತ್ತದೆ. 4 ಮಿ.ಮೀ. ಸಂದಿನ ಮೇಲೆ 24 ಮಿ.ಮೀ. ಟೇಪನ್ನು ಸೇತುವಾಗಿ ಹಚ್ಚಿದರೆ ಎರಡೂ ಅಂಚುಗಳು ತಲಾ 10 ಮಿ.ಮೀ. ಮುಚ್ಚುತ್ತವೆ, ಸಂದಿನೊಳಗೆ ಕಾಂಪೌಂಡ್ ಇಳಿಯುವುದೂ ತಪ್ಪುತ್ತದೆ. ಟೇಪಿನ ಅಂಚನ್ನು ಉಗುರಿನಿಂದ ಒತ್ತಿ ಕೂರಿಸಬೇಕು. ಸಡಿಲವಾದ ತುದಿಯನ್ನು ಪ್ಯಾಡ್ ಎಳೆದುಕೊಳ್ಳುತ್ತದೆ.

ಟೇಪ್ ಹೊಡೆತವನ್ನು ತಡೆಯುತ್ತದೆ, ಆದರೆ ಅದರ ಮೇಲೆ ಯಂತ್ರವನ್ನು ನಿಲ್ಲಿಸಿ ಉಜ್ಜಿದರೆ ಹರಿಯುತ್ತದೆ. ಟೇಪಿನ ಗಡಿಯುದ್ದಕ್ಕೂ ಒರಟು ಕಾಂಪೌಂಡಿನಿಂದ ಹೆಚ್ಚು ಸವೆಸಿದರೆ ಮುಚ್ಚಿದ ಮತ್ತು ಮುಚ್ಚದ ಭಾಗಗಳ ನಡುವೆ ಹೊಳಪಿನ ವ್ಯತ್ಯಾಸ ಗೆರೆಯಂತೆ ತೋರುತ್ತದೆ. ಈ ಕಾರಣಕ್ಕೆ ಒರಟು ಹಂತದಲ್ಲಿ ಮಾತ್ರ ಟೇಪ್ ಇಟ್ಟು, ನಯ ಹಂತದಲ್ಲಿ ತೆಗೆದು ಗಡಿಯನ್ನು ಬೆರೆಸುವುದು ಕ್ರಮ. ಹೊಸದಾಗಿ ಮರುಬಣ್ಣ ಹೊಡೆದು ಪೂರ್ತಿ ಗಟ್ಟಿಯಾಗದ ಪ್ಯಾನೆಲ್ಲಿಗೆ ಟೇಪ್ ಹಚ್ಚಬಾರದು. ಗುರುತು ಬೀಳುತ್ತದೆ ಇಲ್ಲವೇ ಬಣ್ಣ ಕಿತ್ತುಬರುತ್ತದೆ.

## ಕೆಲಸದ ಕ್ರಮ

ಮೊದಲು ಕಾರನ್ನು ತೊಳೆದು, ಅಂಟಿದ ಕಣಗಳನ್ನು ಕ್ಲೇ ಎಂಬ ಮೆತ್ತನೆಯ ಮುದ್ದೆಯಿಂದ ತೆಗೆದು, ಸಂದುಗಳ ಧೂಳನ್ನು ಮೆತ್ತನೆಯ ಬ್ರಶ್‌ನಿಂದ ಹೊರಹಾಕಬೇಕು. ಸಂದಿನಲ್ಲಿ ಉಳಿದ ಮಣ್ಣಿನ ಕಣ ಪ್ಯಾಡಿಗೆ ಸಿಕ್ಕರೆ ಹೊಸ ಗೀರುಗಳಾಗುತ್ತವೆ. ಕೆಲಸ ನೆರಳಿನಲ್ಲಿ, ಮೈ ತಣ್ಣಗಿರುವಾಗ ನಡೆಯಬೇಕು.

ನಂತರ ಟೇಪ್ ಹಚ್ಚಿ, ಎದ್ದು ಕಾಣದ ಸಣ್ಣ ಜಾಗದಲ್ಲಿ ಅತಿ ನಯವಾದ ಪಾಲಿಶ್‌ನಿಂದ ಪರೀಕ್ಷೆ ಆರಂಭಿಸಿ, ಸಾಲದಿದ್ದರೆ ಮಾತ್ರ ಒರಟಿನ ಕಡೆ ಹೋಗಬೇಕು. ಪ್ಯಾನೆಲ್ಲಿನ ನಡುಭಾಗವನ್ನು ದೊಡ್ಡ ಪ್ಯಾಡ್‌ನಿಂದ ಮುಗಿಸಿ, ಅಂಚಿಗಿಂತ ಒಂದೆರಡು ಸೆಂ.ಮೀ. ಹಿಂದೆಯೇ ಯಂತ್ರವನ್ನು ತಿರುಗಿಸಿಕೊಳ್ಳುವುದು ವಾಡಿಕೆ.

ಅಂಚಿನ ಬಳಿ ಯಂತ್ರ ಒಯ್ಯಲೇಬೇಕಾದರೆ ಪ್ಯಾಡ್ ಮಟ್ಟಸವಾಗಿ ಕೂತಿರಬೇಕು, ವೇಗ ತಗ್ಗಿರಬೇಕು, ಯಂತ್ರದ ಸ್ವಂತ ಭಾರಕ್ಕಿಂತ ಹೆಚ್ಚು ಒತ್ತಬಾರದು, ಒಂದೇ ಕಡೆ ನಿಲ್ಲಬಾರದು. ರೋಟರಿಯಲ್ಲಿ ಪ್ಯಾಡ್‌ನ ತಗುಲುವ ಬದಿ ಪ್ಯಾನೆಲ್ಲಿನಿಂದ ಹೊರಕ್ಕೆ ಜಾರುವಂತೆ ಹಿಡಿಯಬೇಕು. ಹೊರಗಿನಿಂದ ಅಂಚಿಗೆ ಎದುರಾಗಿ ನುಗ್ಗುವಂತೆ ಹಿಡಿದರೆ ಫೋಮ್ ಹರಿಯುತ್ತದೆ, ಬಣ್ಣ ಏಳುತ್ತದೆ. ಏಣಿನ ಎರಡು ಬದಿಗಳನ್ನು ಬೇರೆ ಬೇರೆಯಾಗಿ, ಏಣಿಗೆ ಸಮಾನಾಂತರವಾಗಿ ಪಾಲಿಶ್ ಮಾಡಬೇಕು. ಯಂತ್ರದ ತಂತಿಯನ್ನು ಹೆಗಲ ಮೇಲೆ ಹಾಕಿಕೊಂಡರೆ ಅದು ಅಂಚುಗಳಿಗೆ ಉಜ್ಜುವುದಿಲ್ಲ.

ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಿಚಿಕೊಳ್ಳುವಂತೆ ನಿಧಾನವಾಗಿ ಎಳೆದು ತೆಗೆಯಬೇಕು. ಉಳಿದ ಪಟ್ಟಿಯನ್ನು ನಯ ಪಾಲಿಶ್ ಸವರಿದ ಮೈಕ್ರೊಫೈಬರ್ ಬಟ್ಟೆಯಿಂದ ಕೈಯಲ್ಲಿ ಕೆಲವೇ ಸಲ ಉಜ್ಜಿದರೆ ಸಾಕು. ಅಂಚಿನಲ್ಲಿರುವ ಆಳದ ಗೀರನ್ನು ಪೂರ್ತಿ ತೆಗೆಯಲು ಹೋಗದೆ ಹಾಗೇ ಬಿಡುವುದು ಸುರಕ್ಷಿತ ಕ್ರಮವೆಂದು ಅಂಗೀಕೃತವಾಗಿದೆ. ಕೊನೆಗೆ ಸಂದುಗಳಿಗೆ ಗಾಳಿ ಹಾಯಿಸಿ, ಅಂಟು ಹಾಗೂ ಎಣ್ಣೆಯ ಪಸೆಯನ್ನು ತೆಳು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುತ್ತಾರೆ.

## ಅಳತೆ ಮತ್ತು ಅದರ ಮಿತಿ

ಬಣ್ಣದ ದಪ್ಪ ಅಳೆಯುವ ಕೈ ಉಪಕರಣಗಳು ಉಕ್ಕಿನ ಮೇಲೆ ಕಾಂತೀಯ ಪ್ರೇರಣೆಯಿಂದಲೂ ಅಲ್ಯೂಮಿನಿಯಂ ಮೇಲೆ ಸುಳಿ ವಿದ್ಯುತ್ತಿನಿಂದಲೂ ಕೆಲಸ ಮಾಡುತ್ತವೆ. ಪ್ಲಾಸ್ಟಿಕ್‌ಗೆ ಶ್ರವಣಾತೀತ ಧ್ವನಿಯ ಉಪಕರಣ ಬೇಕು. ಬಣ್ಣದ ಪದರದ ದಪ್ಪ ಅಳೆಯುವ ವಿಧಾನಗಳನ್ನು ಐಎಸ್‌ಒ 2808 ಮಾನಕ ವಿವರಿಸುತ್ತದೆ.

ಈ ಉಪಕರಣಗಳಿಗೆ ಎರಡು ಮಿತಿಗಳಿವೆ. ಸಾಮಾನ್ಯ ಉಪಕರಣ ಎಲ್ಲ ಪದರಗಳ ಒಟ್ಟು ದಪ್ಪವನ್ನಷ್ಟೇ ಹೇಳುತ್ತದೆ. ಪುಟ್ಟಿ ತುಂಬಿ ಮರುಬಣ್ಣ ಹೊಡೆದ ಜಾಗದಲ್ಲಿ ನೂರಾರು ಮೈಕ್ರಾನ್ ತೋರಿಸಿದರೂ ಕ್ಲಿಯರ್ ಕೋಟ್ ತೆಳುವಾಗಿರಬಹುದು. ಎರಡನೆಯದು, ತುದಿಯ ಬಳಿ ಮತ್ತು ಚೂಪಾದ ತಿರುವಿನಲ್ಲಿ ಉಪಕರಣದ ಕಾಂತಕ್ಷೇತ್ರ ಲೋಹದ ಹೊರಗೂ ಚಾಚುವುದರಿಂದ ಓದಿಕೆ ತಪ್ಪುತ್ತದೆ. ಅಪಾಯ ಹೆಚ್ಚಿರುವ ಜಾಗವೇ ಅಳತೆಗೆ ಸಿಗದ ಜಾಗ. ಹೀಗಾಗಿ ಅಂಚಿನ ರಕ್ಷಣೆ ಅಳತೆಯನ್ನಲ್ಲ, ಮುನ್ನೆಚ್ಚರಿಕೆಯನ್ನು ಅವಲಂಬಿಸಿದೆ.

## ಹಾನಿಯ ಗುರುತು ಮತ್ತು ದುರಸ್ತಿ

ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಪ್ಯಾಡಿಗೆ ಅಂಟುವ ಶೇಷ ಕಾಂಪೌಂಡಿನ ಬಣ್ಣದ್ದೇ ಆಗಿರಬೇಕು. ಕಾರಿನ ಬಣ್ಣ ಪ್ಯಾಡಿಗೆ ಹತ್ತಿದರೆ ಬೇಸ್ ಕೋಟ್ ತಲುಪಿದೆ ಎಂದರ್ಥ. ಕೂಡಲೇ ಕೆಲಸ ನಿಲ್ಲಿಸಬೇಕು. ಒಂಟಿ ಪದರದ ಬಣ್ಣದಲ್ಲಿ ಮಾತ್ರ ಇದು ಸಹಜ. ತಳ ಕಂಡ ಜಾಗ ಮಂಕಾಗಿ, ಸುತ್ತಲೂ ನಸುಬಿಳಿ ಗಡಿಯಿಂದ ಕೂಡಿರುತ್ತದೆ. ಎಷ್ಟು ಉಜ್ಜಿದರೂ ಹೊಳೆಯುವುದಿಲ್ಲ.

ಕ್ಲಿಯರ್ ಕೋಟ್ ಹೋದ ಅಂಚನ್ನು ಪಾಲಿಶ್‌ನಿಂದ ಸರಿಪಡಿಸಲಾಗದು. ಬಹಳ ಕಿರಿದಾದ ಗೆರೆಗೆ ಟಚಪ್ ಬಣ್ಣ ಮತ್ತು ಕ್ಲಿಯರ್ ಹಚ್ಚಬಹುದು. ಇದರಿಂದ ತುಕ್ಕು ತಡೆಯಬಹುದು, ಆದರೆ ಗುರುತು ಉಳಿಯುತ್ತದೆ. ಸರಿಯಾದ ದುರಸ್ತಿಯೆಂದರೆ ಆ ಪ್ಯಾನೆಲ್ಲಿಗೆ ಮರುಬಣ್ಣ. ಕಾರ್ಖಾನೆಯಲ್ಲಿ ಬಿಡಿ ಮೈಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದ ಕ್ಲಿಯರ್ ಕೋಟ್‌ಗೂ ಗ್ಯಾರೇಜಿನಲ್ಲಿ ಸುಮಾರು 60 ಡಿಗ್ರಿಯಲ್ಲಿ ಗಟ್ಟಿಗೊಳಿಸಿದ ಎರಡು ಘಟಕದ ಬಣ್ಣಕ್ಕೂ ಗಟ್ಟಿತನ ಬೇರೆಯಾಗಬಹುದಾದ್ದರಿಂದ ಅಂಥ ಪ್ಯಾನೆಲ್ಲನ್ನು ಮುಂದೆ ಪಾಲಿಶ್ ಮಾಡುವಾಗ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕು.

## ಇಂದಿನ ಸ್ಥಿತಿ

ಕಾರ್ಖಾನೆಯ ಬಣ್ಣವೇ ಬದಲಾಗುತ್ತಿದೆ. ಇಂಧನ ಮತ್ತು ಸಮಯ ಉಳಿಸಲು ಹಲವು ತಯಾರಕರು ಪ್ರತ್ಯೇಕ ಪ್ರೈಮರ್ ಪದರವನ್ನೇ ಕೈಬಿಟ್ಟ ವಿಧಾನಗಳಿಗೆ ತಿರುಗಿದ್ದಾರೆ. ಒಟ್ಟು ದಪ್ಪ ಕಡಿಮೆಯಾಗಿದೆ. ಇನ್ನೊಂದೆಡೆ ಗೀರು ತಾಳುವ ಕ್ಲಿಯರ್ ಕೋಟ್‌ಗಳು ಬಂದಿವೆ: 2003ರಲ್ಲಿ ಮರ್ಸಿಡಿಸ್-ಬೆಂಜ್ ನ್ಯಾನೊ ಕಣಗಳಿರುವ ಗಟ್ಟಿ ಕ್ಲಿಯರ್ ಕೋಟನ್ನೂ 2005ರಲ್ಲಿ ನಿಸಾನ್ ಸಣ್ಣ ಗೀರುಗಳನ್ನು ತಾನೇ ತುಂಬಿಕೊಳ್ಳುವ ಪದರವನ್ನೂ ಪ್ರಕಟಿಸಿದವು. ಗಟ್ಟಿ ಪದರಕ್ಕೆ ಹೆಚ್ಚು ಒತ್ತಿ ಉಜ್ಜುವ ಪ್ರವೃತ್ತಿ ಬರುವುದರಿಂದ ಅಂಚಿನ ಅಪಾಯ ಇಂಥ ಕಾರುಗಳಲ್ಲಿ ತಗ್ಗಿಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕಾಂಪೌಂಡ್, ಪ್ಯಾಡ್, ಟೇಪುಗಳು ಸಿಗುತ್ತವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಪಾಲಿಶ್ ಮತ್ತು ಸೆರಾಮಿಕ್ ಲೇಪನದ ಕೇಂದ್ರಗಳಿವೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿದ ಕಾರಿನ ಮೇಲೆ ಸುಣ್ಣದ ಕಲೆಗಳು ಕೂರುತ್ತವೆ. ಅವನ್ನು ತೆಗೆಯಲು ಮತ್ತೆ ಮತ್ತೆ ಕಾಂಪೌಂಡ್ ಬಳಸುವುದು ಇಲ್ಲಿ ಅಂಚು ಸವೆಯಲು ಒಂದು ಕಾರಣ. ತೊಳೆದ ಕೂಡಲೇ ನೀರು ಒರೆಸಿದರೆ ಆ ಅಗತ್ಯವೇ ತಗ್ಗುತ್ತದೆ.

ಪಾರದರ್ಶಕ ಫಿಲ್ಮನ್ನು ಅಂಚಿನ ಒಳಬದಿಗೆ ಮಡಿಚಿ ಅಂಟಿಸುವ ರೂಢಿ ಹೆಚ್ಚುತ್ತಿದ್ದು, ಅಂಥ ಅಂಚುಗಳಿಗೆ ಮುಂದೆ ಪಾಲಿಶ್ ತಾಗುವ ಸಂದರ್ಭವೇ ಕಡಿಮೆ. ಫಿಲ್ಮ್ ಇಲ್ಲದ ಕಾರಿನಲ್ಲಿ ಅಂಚಿನ ಪದರ ಎಷ್ಟು ಉಳಿದಿದೆಯೆಂದು ಉಪಕರಣ ಹೇಳಲಾರದು. ಹಿಂದೆ ಎಷ್ಟು ಸಲ, ಯಾವ ಕಾಂಪೌಂಡಿನಿಂದ ಪಾಲಿಶ್ ಆಗಿದೆ ಎಂಬ ದಾಖಲೆಯಿದ್ದರೆ ಅದೇ ಆಧಾರ. ದಾಖಲೆಯಿಲ್ಲದ ಕಾರಿನ ಅಂಚನ್ನು ಈಗಾಗಲೇ ಸವೆದದ್ದೆಂದು ಭಾವಿಸಿ ಕೆಲಸ ಮಾಡಬೇಕು.